ಹನ್ನೆರಡು ಪದ ಕೇಳುವ ಇಮೇಲ್: ಕ್ರಿಪ್ಟೊ ಬಳಕೆದಾರರಿಗೆ ಹಾಕುವ ಗಾಳ

ಕ್ರಿಪ್ಟೊಕರೆನ್ಸಿ ಇಟ್ಟುಕೊಂಡವರಿಗೆ ಬರುವ ಫಿಶಿಂಗ್ ಇಮೇಲ್ ಹೊರನೋಟಕ್ಕೆ ಬ್ಯಾಂಕ್ ಗ್ರಾಹಕರಿಗೆ ಬರುವ ವಂಚನೆಯ ಇಮೇಲ್‌ನಂತೆಯೇ ಇರುತ್ತದೆ. ನಂಬಿಕೆಯ ಸಂಸ್ಥೆಯೊಂದರ ಹೆಸರು, ಅದರ ಲೋಗೊ, ಒಂದು ಎಚ್ಚರಿಕೆ, ಕೆಳಗೊಂದು ಲಿಂಕ್. ಪರಿಣಾಮ ಮಾತ್ರ ಬೇರೆ. ಬ್ಯಾಂಕ್ ಖಾತೆಯಿಂದ ಹೋದ ಹಣವನ್ನು ಬೇಗ ದೂರು ಕೊಟ್ಟರೆ ದಾರಿಯಲ್ಲೇ ತಡೆಹಿಡಿಯುವ ಅವಕಾಶವಾದರೂ ಇದೆ. ಬಿಟ್‌ಕಾಯಿನ್ ಅಥವಾ ಈಥರ್‌ನ ವರ್ಗಾವಣೆ ಬ್ಲಾಕ್‌ಚೈನ್‌ನಲ್ಲಿ ಒಮ್ಮೆ ದಾಖಲಾಯಿತೆಂದರೆ ಅದನ್ನು ವಾಪಸು ಮಾಡಿಸಲು ಯಾವ ಕಚೇರಿಯೂ ಇಲ್ಲ. ಆದ್ದರಿಂದ ಇಮೇಲ್ ಓದುವ ಹೊತ್ತಿನಲ್ಲೇ ವಂಚನೆಯನ್ನು ಗುರುತಿಸುವುದು ಇಲ್ಲಿ ಬಹಳ ಮುಖ್ಯ.

ವಂಚಕರು ಏನನ್ನು ಹುಡುಕುತ್ತಾರೆ ಎಂಬುದು ತಿಳಿಯಬೇಕಾದರೆ ವ್ಯಾಲೆಟ್ ಎಂದರೇನೆಂದು ತಿಳಿದಿರಬೇಕು. ಹೆಸರು ಪರ್ಸ್ ಎಂದಾದರೂ ಅದರೊಳಗೆ ನಾಣ್ಯವಿರುವುದಿಲ್ಲ. ನಾಣ್ಯದ ಲೆಕ್ಕವಿರುವುದು ಬ್ಲಾಕ್‌ಚೈನ್‌ನಲ್ಲಿ. ಅದನ್ನು ಖರ್ಚು ಮಾಡಲು ಬೇಕಾದ ಪ್ರೈವೇಟ್ ಕೀ ಮಾತ್ರ ವ್ಯಾಲೆಟ್‌ನಲ್ಲಿರುತ್ತದೆ. ಫೋನ್ ಕಳೆದರೂ ಕೀ ಉಳಿಯಲಿ ಎಂದು, ವ್ಯಾಲೆಟ್ ತೆರೆಯುವಾಗಲೇ ಇಂಗ್ಲಿಷಿನ 12 ಅಥವಾ 24 ಸರಳ ಪದಗಳನ್ನು ತೋರಿಸಿ ಬರೆದಿಟ್ಟುಕೊಳ್ಳಲು ಹೇಳಲಾಗುತ್ತದೆ. 2013ರಲ್ಲಿ ರೂಪುಗೊಂಡ ಬಿಐಪಿ-39 ಎಂಬ ಮಾನದಂಡದ ಪ್ರಕಾರ ಇವನ್ನು 2,048 ಪದಗಳ ನಿಗದಿತ ಪಟ್ಟಿಯಿಂದ ಆರಿಸಲಾಗುತ್ತದೆ. ಇದಕ್ಕೆ ಸೀಡ್ ಫ್ರೇಸ್ ಅಥವಾ ರಿಕವರಿ ಫ್ರೇಸ್ ಎಂದು ಹೆಸರು. ಈ ಪದಗಳು ಕ್ರಮವಾಗಿ ಯಾರ ಕೈಗೆ ಸಿಕ್ಕರೂ ಅವರು ಆ ವ್ಯಾಲೆಟ್ಟನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದುಕೊಳ್ಳಬಹುದು. ಒಟಿಪಿ ಅಡ್ಡ ಬರುವುದಿಲ್ಲ, ಮಾಲೀಕರಿಗೆ ಸೂಚನೆಯೂ ಹೋಗುವುದಿಲ್ಲ.

ಇಂಥ ವ್ಯಾಲೆಟ್ ಯಾರ ಬಳಿ ಇದೆ ಎಂಬುದು ವಂಚಕರಿಗೆ ಗೊತ್ತಾಗುವುದು ಸೋರಿಕೆಯಾದ ಪಟ್ಟಿಗಳಿಂದ. ವ್ಯಾಲೆಟ್ ಸಾಧನಗಳನ್ನು ತಯಾರಿಸುವ ಫ್ರಾನ್ಸಿನ ಲೆಡ್ಜರ್ ಕಂಪನಿಯ ಮಾರಾಟ ವಿಭಾಗದ ದತ್ತಾಂಶಕ್ಕೆ 2020ರಲ್ಲಿ ಕನ್ನ ಬಿತ್ತು. ಸುಮಾರು 10 ಲಕ್ಷ ಇಮೇಲ್ ವಿಳಾಸಗಳು ಹೊರಹೋದವು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಆ ಗ್ರಾಹಕರಲ್ಲಿ ಸುಮಾರು 2.7 ಲಕ್ಷ ಜನರ ಹೆಸರು, ಮನೆ ವಿಳಾಸ, ಫೋನ್ ನಂಬರ್‌ಗಳೂ ಬಹಿರಂಗವಾದವು. ಯಾರ ನಾಣ್ಯವೂ ಆ ಸೋರಿಕೆಯಿಂದ ನೇರವಾಗಿ ಹೋಗಲಿಲ್ಲ. ಆದರೆ ಗ್ರಾಹಕರನ್ನು ಹೆಸರು ಹಿಡಿದು ಕರೆಯುವ ನಕಲಿ ಇಮೇಲ್‌ಗಳು ಸಾಲುಸಾಲಾಗಿ ಬರತೊಡಗಿದವು. ಅಂದರೆ ಇಮೇಲ್‌ನಲ್ಲಿ ತನ್ನ ಹೆಸರು, ತಾನು ಕೊಂಡ ಸಾಧನದ ಹೆಸರು ಸರಿಯಾಗಿದೆ ಎಂಬುದು ಅದು ಅಸಲಿ ಎನ್ನುವುದಕ್ಕೆ ಆಧಾರವಾಗದು.

2022ರ ಏಪ್ರಿಲ್‌ನಲ್ಲಿ ಜೆಕ್ ದೇಶದ ಟ್ರೆಜರ್ ವ್ಯಾಲೆಟ್ ಬಳಕೆದಾರರಿಗೆ ಬಂದ ಇಮೇಲನ್ನು ಹತ್ತಿರದಿಂದ ನೋಡಿದರೆ ಈ ಕಸುಬಿನ ನಾಜೂಕು ತಿಳಿಯುತ್ತದೆ. ಕಂಪನಿಯಲ್ಲಿ ಭದ್ರತಾ ಲೋಪವಾಗಿದೆ, 1,06,856 ಗ್ರಾಹಕರ ಮಾಹಿತಿಗೆ ತೊಂದರೆಯಾಗಿದೆ, ನಿಮ್ಮ ವ್ಯಾಲೆಟ್ಟೂ ಅದರಲ್ಲಿ ಸೇರಿದೆ ಎಂದು ಅದು ವಿಷಾದದಿಂದ ತಿಳಿಸುತ್ತಿತ್ತು. ಪರಿಹಾರವಾಗಿ, ಟ್ರೆಜರ್ ಸೂಟ್ ಆ್ಯಪ್‌ನ ಹೊಸ ಆವೃತ್ತಿಯನ್ನು ಇಳಿಸಿಕೊಂಡು ಪಿನ್ ಬದಲಿಸಿ ಎನ್ನುತ್ತಿತ್ತು. ದುಂಡು ಸಂಖ್ಯೆಯಾಗಿದ್ದರೆ ಅನುಮಾನ ಬರುತ್ತಿತ್ತೇನೋ. ಬಿಡಿ ಅಂಕಿಗಳವರೆಗೆ ಕೊಟ್ಟ ಸಂಖ್ಯೆ ಯಾರೋ ಲೆಕ್ಕ ಹಾಕಿಯೇ ಬರೆದಂತೆ ಕಾಣುತ್ತಿತ್ತು. ಲಿಂಕ್ ಒಯ್ಯುತ್ತಿದ್ದ ತಾಣದ ವಿಳಾಸದಲ್ಲಿ ಟ್ರೆಜರ್ ಎಂಬ ಹೆಸರೇ ಇತ್ತು, ಆದರೆ ರೋಮನ್ ‘ಇ’ ಅಕ್ಷರದ ಅಡಿಯಲ್ಲಿ ಒಂದು ಸಣ್ಣ ಚುಕ್ಕೆ. ಪರದೆಯ ಮೇಲೆ ಕೂತ ಧೂಳಿನ ಕಣ ಎನ್ನುವಷ್ಟು ಸಣ್ಣದು. ಆ್ಯಪ್ ಕೂಡ ಅಸಲಿಯ ತದ್ರೂಪಾಗಿತ್ತು. ಮೂಲ ಆ್ಯಪ್‌ನ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ನಕಲು ಮಾಡುವುದು ಸುಲಭವಾಯಿತು. ಅದು ಕೊನೆಗೆ ಕೇಳುತ್ತಿದ್ದುದು ರಿಕವರಿ ಫ್ರೇಸನ್ನು.

ಲಿಂಕ್‌ನ ವಿಳಾಸವನ್ನು ಓದುವುದಕ್ಕೆ ಒಂದು ಕ್ರಮವಿದೆ. ಅಂಚೆ ವಿಳಾಸದಲ್ಲಿ ಊರು, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಬರೆದಿದ್ದರೆ ಪತ್ರ ಯಾವ ಸೀಮೆಗೆ ಹೋಗುತ್ತದೆಂದು ಹೇಳುವುದು ಕೊನೆಯ ಸಾಲು. ಜಾಲತಾಣದ ವಿಳಾಸವೂ ಹಾಗೆಯೇ. ಹೆಸರು ಮುಗಿದು ಮೊದಲ ಓರೆಗೆರೆ ಬರುವ ಜಾಗದಿಂದ ಹಿಂದಕ್ಕೆ ಓದಬೇಕು. ‘ಲೆಡ್ಜರ್.ಕಾಮ್.ಖಾತೆ-ಪರಿಶೀಲನೆ.ನೆಟ್’ ಎಂಬಂಥ ವಿಳಾಸದ ಒಡೆಯ ಲೆಡ್ಜರ್ ಅಲ್ಲ, ‘ಖಾತೆ-ಪರಿಶೀಲನೆ.ನೆಟ್’ ಎಂಬ ಹೆಸರನ್ನು ನೋಂದಾಯಿಸಿದವರು. ಚುಕ್ಕೆ ಇಟ್ಟ ಅಕ್ಷರದಂಥ ಮೋಸ ಈ ಓದಿಗೂ ಸಿಗದೆ ಹೋಗಬಹುದು. ಆದ್ದರಿಂದ ಲಿಂಕನ್ನು ಒತ್ತದೆ, ಮೊದಲೇ ಬುಕ್‌ಮಾರ್ಕ್ ಮಾಡಿಟ್ಟುಕೊಂಡ ವಿಳಾಸದಿಂದ ತಾಣಕ್ಕೆ ಹೋಗಿ ನೋಡುವುದೇ ಸುರಕ್ಷಿತ. ಸುದ್ದಿ ನಿಜವಾಗಿದ್ದರೆ ಅದು ಅಲ್ಲೂ ಇರುತ್ತದೆ.

ಕಳುಹಿಸಿದವರ ವಿಳಾಸ ನೋಡಬೇಕೆಂಬುದು ಎಲ್ಲರೂ ಹೇಳುವ ಮಾತು. ಅದು ಬೇಕು, ಆದರೆ ಅಷ್ಟೇ ಸಾಲದು. 2024ರ ಜೂನ್ 23ರಂದು ಇಥೀರಿಯಂ ಫೌಂಡೇಶನ್‌ನ ಸುದ್ದಿಪತ್ರಿಕೆಯ ಅಸಲಿ ವಿಳಾಸದಿಂದಲೇ 35,794 ಜನರಿಗೆ ವಂಚನೆಯ ಇಮೇಲ್ ಹೋಯಿತು. ಲೈಡೊ ಎಂಬ ಸಂಸ್ಥೆಯೊಂದಿಗೆ ಸೇರಿ ಶೇ 6.8ರ ಪ್ರತಿಫಲ ಕೊಡಲಾಗುವುದು ಎಂಬ ಆಮಿಷ ಅದರಲ್ಲಿತ್ತು. ವಂಚಕರು ಇಮೇಲ್ ರವಾನಿಸುವ ಖಾತೆಗೇ ನುಗ್ಗಿದ್ದರು. ಅದೇ ವರ್ಷದ ಜನವರಿಯಲ್ಲಿ ಮೈಲರ್‌ಲೈಟ್ ಎಂಬ ರವಾನೆ ಸೇವೆಯ ಮೂಲಕ ವ್ಯಾಲೆಟ್‌ಕನೆಕ್ಟ್, ಕಾಯಿನ್‌ಟೆಲಿಗ್ರಾಫ್ ಮುಂತಾದ ಹೆಸರಾಂತ ಸಂಸ್ಥೆಗಳ ವಿಳಾಸಗಳಿಂದಲೂ ಹೀಗೆಯೇ ಆಯಿತು. ಇನ್ನು ಕಾಗುಣಿತದ ತಪ್ಪು, ಒಡ್ಡೊಡ್ಡು ಭಾಷೆ ಎಂಬ ಹಳೆಯ ಗುರುತನ್ನು ನೆಚ್ಚುವಂತಿಲ್ಲ. ಕೃತಕ ಬುದ್ಧಿಮತ್ತೆಯ ಸಾಧನಗಳು ಯಾರಿಗೆ ಬೇಕಾದರೂ ಸಲೀಸಾದ ಇಂಗ್ಲಿಷ್ ಬರೆದುಕೊಡುತ್ತವೆ.

ಹೆಸರು, ಭಾಷೆ, ವಿಳಾಸ ಮೂರೂ ಅಸಲಿಯಂತೆ ಕಾಣಬಹುದಾದರೆ ಗುರುತಿಸುವುದಕ್ಕೆ ಉಳಿಯುವುದು ಒಂದೇ ಪ್ರಶ್ನೆ: ಈ ಇಮೇಲ್ ಏನು ಮಾಡಲು ಹೇಳುತ್ತಿದೆ? ವಂಚಕರು ಎಷ್ಟೇ ವೇಷ ಹಾಕಿದರೂ ಕೊನೆಗೆ ತಮಗೆ ಬೇಕಾದುದನ್ನು ಕೇಳಲೇಬೇಕು. ಹಾಗೆ ಕೇಳುವ ಬಗೆ ಕೆಲವೇ.

ಮೊದಲನೆಯದು ರಿಕವರಿ ಫ್ರೇಸ್. ವ್ಯಾಲೆಟ್ ಪರಿಶೀಲನೆ, ಕೆವೈಸಿ, ಅಪ್‌ಡೇಟ್ ಎಂದು ಕಾರಣ ಯಾವುದಾದರೂ ಇರಲಿ, ಯಾವ ಅಸಲಿ ಸಂಸ್ಥೆಯೂ ಇದನ್ನು ಕೇಳುವುದಿಲ್ಲ. ಇದರಲ್ಲೇ ತಿರುವುಮುರುವಾದ ಇನ್ನೊಂದು ವಂಚನೆಯಿದೆ. 2025ರ ಮಾರ್ಚ್‌ನಲ್ಲಿ, ಕ್ರಿಪ್ಟೊ ಕೊಳ್ಳುವ-ಮಾರುವ ಎಕ್ಸ್‌ಚೇಂಜ್ ಆದ ಕಾಯಿನ್‌ಬೇಸ್ ಹೆಸರಿನಲ್ಲಿ ಹರಿದಾಡಿದ ಇಮೇಲ್ ಪದಗಳನ್ನು ಕೇಳಲಿಲ್ಲ, ತಾನೇ ಕೊಟ್ಟಿತು. ನಾಣ್ಯಗಳನ್ನು ಸ್ವಂತ ವ್ಯಾಲೆಟ್‌ಗೆ ಸಾಗಿಸುವುದು ಕಡ್ಡಾಯವಾಗಿದೆ, ಈ ಪದಗಳನ್ನು ಹಾಕಿ ವ್ಯಾಲೆಟ್ ತೆರೆಯಿರಿ ಎಂದಿತು. ವಂಚಕರೇ ಕೀಲಿ ಇಟ್ಟುಕೊಂಡ ಪೆಟ್ಟಿಗೆಗೆ ಮಾಲೀಕರ ಕೈಯಿಂದಲೇ ಹಣ ಹಾಕಿಸುವ ಉಪಾಯ ಅದು. ರಿಕವರಿ ಫ್ರೇಸ್ ಮಾಲೀಕರ ವ್ಯಾಲೆಟ್‌ನಲ್ಲೇ ಹುಟ್ಟಬೇಕು. ಇಮೇಲ್‌ನಲ್ಲಿ ಬಂದ ಫ್ರೇಸ್ ಆಗಲೇ ಬೇರೆಯವರದು.

ಎರಡನೆಯದು ಸಹಿ. ಉಚಿತ ಟೋಕನ್ ಅಥವಾ ಬಹುಮಾನ ಪಡೆಯಲು ವ್ಯಾಲೆಟ್ ಜೋಡಿಸಿ ಎನ್ನುವ ತಾಣ, ಮುಂದಿನ ಹೆಜ್ಜೆಯಲ್ಲಿ ಒಂದು ಸಹಿ ಒತ್ತಲು ಹೇಳುತ್ತದೆ. ಪರದೆಯಲ್ಲಿ ಕಾಣುವುದು ಅರ್ಥವಾಗದ ಅಕ್ಷರಗಳ ಸಾಲು. ಆ ಸಹಿ ಟೋಕನ್‌ಗಳನ್ನು ಮಿತಿಯಿಲ್ಲದೆ ತೆಗೆದುಕೊಳ್ಳಲು ಕೊಟ್ಟ ಅನುಮತಿಯಾಗಿರಬಹುದು. ಖಾಲಿ ಚೆಕ್ಕಿಗೆ ಸಹಿ ಹಾಕಿದಂತೆ. ಮೂರನೆಯದು ಆ್ಯಪ್ ಅಥವಾ ಫೈಲ್ ಇಳಿಸಿಕೊಳ್ಳುವುದು. ನಾಲ್ಕನೆಯದು ‘ಸುರಕ್ಷಿತ ವಿಳಾಸ’ಕ್ಕೆ ನಾಣ್ಯ ಕಳುಹಿಸುವುದು. ನಾಲ್ಕರಲ್ಲಿ ಯಾವುದನ್ನು ಕೇಳಿದರೂ, ಅದರ ಜೊತೆಗೆ 24 ಗಂಟೆಯ ಗಡುವನ್ನೋ ಖಾತೆ ಬಂದ್ ಆಗುವ ಬೆದರಿಕೆಯನ್ನೋ ಹಚ್ಚಿದರೆ, ಅದು ಗಾಳವೆಂದೇ ತಿಳಿಯಬೇಕು. ಯೋಚಿಸಲು ಬಿಡುವು ಕೊಡದಿರುವುದೇ ಗಡುವಿನ ಉದ್ದೇಶ.

ಭಾರತದಲ್ಲಿ ಇಂಥ ಇಮೇಲ್‌ಗೆ ತೆರಿಗೆಯ ಭಯ ಸುಲಭದ ಸರಕು. ಕ್ರಿಪ್ಟೊ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇ 30ರ ತೆರಿಗೆ, ಅದೇ ವರ್ಷದ ಜುಲೈ 1ರಿಂದ ವಹಿವಾಟಿಗೆ ಶೇ 1ರ ಟಿಡಿಎಸ್ ಜಾರಿಗೆ ಬಂದಿವೆ. ‘ತೆರಿಗೆ ಕಟ್ಟಿದರೆ ಮಾತ್ರ ಹಣ ಬಿಡುಗಡೆ’ ಎಂಬ ಇಮೇಲ್ ಇದರಿಂದಾಗಿ ನಂಬುವಂತೆ ಕಾಣುತ್ತದೆ. ಆದರೆ ದೇಶದ ಎಕ್ಸ್‌ಚೇಂಜ್‌ಗಳಲ್ಲಿ ಟಿಡಿಎಸ್ ವಹಿವಾಟಿನ ಹೊತ್ತಿಗೇ ಕಡಿತವಾಗುತ್ತದೆ. ಆದಾಯ ತೆರಿಗೆ ಇಲಾಖೆ ಯಾವುದೇ ವ್ಯಾಲೆಟ್ ವಿಳಾಸಕ್ಕೆ ನಾಣ್ಯ ಕಳುಹಿಸಲು ಹೇಳುವುದಿಲ್ಲ. ಮರುಪಾವತಿಯ ಆಸೆಯೂ ಅಂಥದೇ ಸರಕು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ 23 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ನಾಣ್ಯ ಕಳುವಾಗಿ, ಗ್ರಾಹಕರು ತಿಂಗಳುಗಟ್ಟಲೆ ಕಾಯಬೇಕಾಯಿತು. ಹಾಗೆ ಕಾದು ಬಸವಳಿದವರಿಗೆ ‘ಮರುಪಾವತಿಗೆ ಇಲ್ಲಿ ಒತ್ತಿ’ ಎಂಬ ಒಂದು ಸಾಲೇ ಸಾಕು, ಎಚ್ಚರ ತಪ್ಪಲು.

ಕೆಲವು ಎಕ್ಸ್‌ಚೇಂಜ್‌ಗಳಲ್ಲಿ ಆ್ಯಂಟಿ-ಫಿಶಿಂಗ್ ಕೋಡ್ ಎಂಬ ಸೌಲಭ್ಯವಿದೆ. ಗ್ರಾಹಕರು ತಾವೇ ಇಟ್ಟುಕೊಂಡ ಪದ ಸಂಸ್ಥೆಯಿಂದ ಬರುವ ಇಮೇಲ್‌ಗಳಲ್ಲಿ ಕಾಣಿಸುತ್ತದೆ; ಅದಿಲ್ಲದ ಇಮೇಲನ್ನು ನಂಬಬೇಕಾಗಿಲ್ಲ. ಕ್ರಿಪ್ಟೊ ಖಾತೆಗೆಂದೇ ಬೇರೊಂದು ಇಮೇಲ್ ವಿಳಾಸ ಇಟ್ಟುಕೊಳ್ಳುವುದೂ ಒಳ್ಳೆಯದು. ರಿಕವರಿ ಫ್ರೇಸನ್ನು ಕಾಗದದ ಮೇಲಷ್ಟೇ ಬರೆದಿಡಬೇಕು; ಅದರ ಫೋಟೊ ತೆಗೆಯಬಾರದು, ಇಮೇಲ್ ಡ್ರಾಫ್ಟ್‌ನಲ್ಲಿ ಇಡಬಾರದು.

ಅಕಸ್ಮಾತ್ ಫ್ರೇಸ್ ಕೊಟ್ಟುಬಿಟ್ಟಿದ್ದರೆ ಪಾಸ್‌ವರ್ಡ್ ಬದಲಿಸಿ ಉಪಯೋಗವಿಲ್ಲ. ಬೇರೆ ಸಾಧನದಲ್ಲಿ ಹೊಸ ಫ್ರೇಸಿನ ಹೊಸ ವ್ಯಾಲೆಟ್ ತೆರೆದು, ಉಳಿದ ನಾಣ್ಯವನ್ನು ಆ ಕ್ಷಣವೇ ಅಲ್ಲಿಗೆ ಸಾಗಿಸಬೇಕು. ಸಹಿ ಮಾತ್ರ ಹಾಕಿದ್ದರೆ ಎಥರ್‌ಸ್ಕ್ಯಾನ್‌ನಂಥ ತಾಣಗಳಲ್ಲಿ ಆ ಅನುಮತಿಯನ್ನು ಹುಡುಕಿ ರದ್ದುಪಡಿಸಬೇಕು. ಎಕ್ಸ್‌ಚೇಂಜ್ ಪಾಸ್‌ವರ್ಡ್ ಹೋಗಿದ್ದರೆ ಸಂಸ್ಥೆಗೆ ತಿಳಿಸಿ ಖಾತೆಯನ್ನು ತಡೆಹಿಡಿಸಬೇಕು. ಬಳಿಕ ಇಮೇಲನ್ನು ಅಳಿಸದೆ, ವಹಿವಾಟಿನ ಗುರುತು ಸಂಖ್ಯೆಯೊಂದಿಗೆ 1930 ಸಹಾಯವಾಣಿಗೆ ಅಥವಾ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬೇಕು. ಕರ್ನಾಟಕದಲ್ಲಿ ಜಿಲ್ಲೆಗಳ ಸೈಬರ್ ಅಪರಾಧ ಪೊಲೀಸ್ ಠಾಣೆಗಳು ಇಂಥ ದೂರು ಪಡೆಯುತ್ತವೆ. ಕಳೆದುಕೊಂಡವರ ಹೆಸರು ಮತ್ತೆ ವಂಚಕರ ಪಟ್ಟಿ ಸೇರುವುದರಿಂದ, ‘ಶುಲ್ಕ ಕೊಟ್ಟರೆ ನಿಮ್ಮ ಕ್ರಿಪ್ಟೊ ವಾಪಸು ತರುತ್ತೇವೆ’ ಎಂಬ ಇಮೇಲ್ ಕೆಲವೇ ದಿನಗಳಲ್ಲಿ ಬರಬಹುದು. ಅದು ಅದೇ ಗಾಳದ ಎರಡನೆಯ ಎಸೆತ. ಅದಕ್ಕೆ ಉತ್ತರವನ್ನೇ ಬರೆಯಬಾರದು.