ಗಡ್ಡೆ ಇತ್ತು, ಕ್ಯಾನ್ಸರ್ ಇರಲಿಲ್ಲ

ಕಣ್ಣು ಹಳದಿಯಾಗಿದೆ, ತೂಕ ಇಳಿದಿದೆ, ಸ್ಕ್ಯಾನ್ ಮಾಡಿಸಿದರೆ ಮೇದೋಜೀರಕ ಗ್ರಂಥಿಯ ತಲೆಭಾಗ ಊದಿಕೊಂಡು ಪಿತ್ತನಾಳವನ್ನು ಒತ್ತುತ್ತಿದೆ. ಅರವತ್ತು ದಾಟಿದವರಲ್ಲಿ ಇಷ್ಟು ಕಂಡರೆ ವೈದ್ಯರು ಮೊದಲು ಶಂಕಿಸುವುದು ಕ್ಯಾನ್ಸರನ್ನೇ. ಬಹುಪಾಲು ಆ ಶಂಕೆ ನಿಜವೂ ಆಗುತ್ತದೆ. ಕಾಯುತ್ತ ಕೂತರೆ ಕೈಮೀರುವ ಕಾಯಿಲೆಯಾದ್ದರಿಂದ ರೋಗಿಯನ್ನು ‘ವಿಪ್ಪಲ್’ ಶಸ್ತ್ರಚಿಕಿತ್ಸೆಗೆ ಒಳಪಡಿಸುತ್ತಿದ್ದರು. ಗ್ರಂಥಿಯ ತಲೆ, ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ ಎಲ್ಲವನ್ನೂ ಕತ್ತರಿಸಿ ತೆಗೆಯುವ ಭಾರಿ ಆಪರೇಷನ್ ಅದು. ಆಮೇಲೆ ಪೆಥಾಲಜಿಸ್ಟ್ ಆ ತುಂಡನ್ನು ಪರೀಕ್ಷಿಸಿದಾಗ, ಕೆಲವರಲ್ಲಿ ಕ್ಯಾನ್ಸರ್ ಕೋಶ ಒಂದೂ ಸಿಗುತ್ತಿರಲಿಲ್ಲ.

ಸಿಗುತ್ತಿದ್ದುದು ಉರಿಯೂತ. ಮದ್ಯವಾಗಲಿ ಪಿತ್ತಕಲ್ಲಾಗಲಿ ಕಾರಣವಲ್ಲದ ಇಂಥ ಉರಿಯೂತವನ್ನು ಫ್ರಾನ್ಸಿನ ಸಾರ್ಲ್ಸ್ 1961ರಲ್ಲೇ ವರದಿ ಮಾಡಿದ್ದರು; ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿರಬಹುದೆಂಬ ಗುಮಾನಿಯೂ ಅವರಿಗಿತ್ತು. ಅದಕ್ಕೆ ‘ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್’ ಎಂಬ ಹೆಸರು ಸೂಚಿಸಿದ್ದು ಜಪಾನಿನ ಯೋಷಿದಾ ಮತ್ತು ಸಂಗಡಿಗರು, 1995ರಲ್ಲಿ. ಸ್ಟಿರಾಯ್ಡ್ ಮಾತ್ರೆಗೆ ಕರಗುವ ಕಾಯಿಲೆ!

ಹೊಟ್ಟೆ ಕೊಯ್ಯದೆ ಗುರುತಿಸುವ ಬಗೆ? 2001ರಲ್ಲಿ ಜಪಾನಿನ ಹಮಾನೋ ತಂಡ ಇಂಥ ಇಪ್ಪತ್ತು ರೋಗಿಗಳ ರಕ್ತದಲ್ಲಿ ಐಜಿಜಿ4 ಎಂಬ ಪ್ರತಿಕಾಯವನ್ನು ಅಳೆಯಿತು. ಆರೋಗ್ಯವಂತರಲ್ಲಿ ಡೆಸಿಲೀಟರಿಗೆ 50 ಮಿಲಿಗ್ರಾಂ ಆಸುಪಾಸು ಇರುವ ಅದು ಇವರಲ್ಲಿ 600 ದಾಟಿತ್ತು. 135ರ ಗೆರೆ ಎಳೆದರೆ ಕ್ಯಾನ್ಸರ್ ಆಚೆ, ಉರಿಯೂತ ಈಚೆ ಎಂಬಷ್ಟು ಸ್ಪಷ್ಟ ಫಲಿತಾಂಶ.

ಗೆರೆ ಅಷ್ಟು ನೇರವಾಗಿರಲಿಲ್ಲ. ಕ್ಯಾನ್ಸರ್ ಇರುವ ನೂರರಲ್ಲಿ ಸುಮಾರು ಹತ್ತು ಮಂದಿಗೂ ಐಜಿಜಿ4 ತುಸು ಏರಿರುತ್ತದೆಂದು ಮುಂದೆ ತಿಳಿಯಿತು. ಈ ಉರಿಯೂತದ ಎರಡನೇ ಬಗೆಯಲ್ಲಂತೂ ಅದು ಸಾಮಾನ್ಯವಾಗಿ ಏರುವುದೇ ಇಲ್ಲ. ಹಾಗಾಗಿ 2006ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಸುರೇಶ್ ಚಾರಿ ಮತ್ತು ಸಹೋದ್ಯೋಗಿಗಳು ಅಂಗಾಂಶ, ಸ್ಕ್ಯಾನ್, ರಕ್ತ, ಇತರ ಅಂಗಗಳ ಸ್ಥಿತಿ, ಸ್ಟಿರಾಯ್ಡ್‌ಗೆ ಸ್ಪಂದನೆ ಇವನ್ನೆಲ್ಲ ಕೂಡಿಸಿ ನೋಡುವ ಮಾನದಂಡ ರೂಪಿಸಿದರು. 2011ರಲ್ಲಿ ಅಂತರರಾಷ್ಟ್ರೀಯ ಒಮ್ಮತದ ಮಾನದಂಡವೂ ಬಂತು.

ಈಗ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೆರವಿನಿಂದ ಹೊಟ್ಟೆಯ ಒಳಗಿನಿಂದಲೇ ಸೂಜಿ ಹಾಕಿ ತುಣುಕು ತೆಗೆಯಬಹುದು. ಸೂಜಿಗೆ ಕ್ಯಾನ್ಸರ್ ಸಿಗಲಿಲ್ಲ ಎಂದಮಾತ್ರಕ್ಕೆ ನಿರಾಳರಾಗುವಂತಿಲ್ಲ, ತಪ್ಪಿ ಹೋಗಿರಲೂಬಹುದು. ಉರಿಯೂತದ ಪುರಾವೆ ಗಟ್ಟಿಯಿದ್ದರೆ ಎರಡು ವಾರ ಸ್ಟಿರಾಯ್ಡ್ ಕೊಟ್ಟು ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಊತ ಸ್ಪಷ್ಟವಾಗಿ ಇಳಿಯದಿದ್ದರೆ ಕ್ಯಾನ್ಸರ್ ಎಂದೇ ಬಗೆದು ಮುಂದುವರಿಯಬೇಕು. ಅನಗತ್ಯ ಆಪರೇಷನ್ ಕೆಟ್ಟದ್ದೇ. ಕ್ಯಾನ್ಸರಿಗೆ ಸ್ಟಿರಾಯ್ಡ್ ಕೊಡುತ್ತ ತಿಂಗಳುಗಟ್ಟಲೆ ಕಳೆಯುವುದು ಅದಕ್ಕಿಂತ ಕೆಟ್ಟದ್ದು.