ಫಾರ್ಮ್ ತುಂಬದ ಎಂಬತ್ತು ಜನ

ಫೈನಲ್ ಸೆಮ್ ಮುಗಿಯೋ ಹೊತ್ತಿಗೆ ಎಕ್ಸಿಟ್ ಸರ್ವೆ, ಕೆಲವು ವರ್ಷ ಕಳೆದ ಮೇಲೆ ಅಲುಮ್ನೈ ಸರ್ವೆ. ಎನ್‌ಬಿಎ ಮಾನ್ಯತೆಯ ಕೆಲಸದಲ್ಲಿ ಇವು ಇದ್ದೇ ಇರುತ್ತವೆ. ಕಾಗದದ ಕಾಲದಿಂದ ನಡೆದು ಬಂದ ಇಂಥ ಸರ್ವೆಯನ್ನು ಕಡಿಮೆ ದುಡ್ಡಲ್ಲಿ ಹೊಸದು ಮಾಡಬೇಕು ಅಂದ್ರೆ ನಮಗೆ ಮೊದಲು ಹೊಳೆಯೋದು ಗೂಗಲ್ ಫಾರ್ಮ್. ಲಿಂಕನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಮುಗೀತು, ಖರ್ಚು ಸೊನ್ನೆ. ನಿಜವಾಗ್ಲೂ ಮುಗೀತಾ?

ಒಂದು ಲೆಕ್ಕ ಮಾಡೋಣ. ಒಂದು ಬ್ಯಾಚಲ್ಲಿ 120 ಜನ ಇದ್ದಾರೆ ಅಂದ್ಕೊಳ್ಳಿ. ಫಾರ್ಮ್ ತುಂಬಿದವರು 40, ಅವರಲ್ಲಿ ಕೆಲಸ ಸಿಕ್ಕವರು 36. ವರದಿಯಲ್ಲಿ ‘ಶೇ. 90’ ಅಂತ ಬರುತ್ತೆ. ಆದ್ರೆ ಉಳಿದ 80 ಜನರ ಕಥೆ ಏನು? ಅವರಲ್ಲಿ ಯಾರಿಗೂ ಕೆಲಸ ಇಲ್ಲದಿದ್ರೆ ನಿಜವಾದ ಅಂಕಿ ಶೇ. 30. ಎಲ್ಲರಿಗೂ ಇದ್ರೆ ಸುಮಾರು ಶೇ. 97. ಕೆಲಸ ಸಿಗದವರು ಇಂಥ ಫಾರ್ಮ್ ಕಂಡ್ರೆ ಸುಮ್ಮನೆ ಮುಂದೆ ಹೋಗೋದು ಸಹಜ ಅಲ್ವಾ? ಅದೇ ಲಿಂಕನ್ನು ಇನ್ನೂ ಹತ್ತು ಸಲ ಕಳಿಸಿದ್ರೂ ಈ ಓರೆ ಹೋಗಲ್ಲ.

ಇದಕ್ಕೆ ಮದ್ದು ಹಳೇದೇ. 1946ರಲ್ಲಿ ಮೋರಿಸ್ ಹ್ಯಾನ್ಸೆನ್ ಮತ್ತು ವಿಲಿಯಂ ಹರ್ವಿಟ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ತೋರಿಸಿದ ದಾರಿ ಇದು: ಮೊದಲು ಅಗ್ಗದ ವಿಧಾನದಲ್ಲಿ ಎಲ್ಲರನ್ನೂ ಕೇಳಿ. ಉತ್ತರಿಸದವರಲ್ಲಿ ಕೆಲವರನ್ನು ಮಾತ್ರ ಚೀಟಿ ಎತ್ತಿ ಆರಿಸಿ, ದುಬಾರಿ ವಿಧಾನದಲ್ಲಿ ಬೆನ್ನು ಹತ್ತಿ. ನಮ್ಮ 80 ಜನರಲ್ಲಿ 20 ಜನರನ್ನು ಹೀಗೆ ಆರಿಸಿ ಫೋನ್ ಮಾಡೋಣ. ಅವರಲ್ಲಿ 10 ಜನಕ್ಕೆ ಕೆಲಸ ಇದೆ ಅಂತ ಗೊತ್ತಾದ್ರೆ, 80ರಲ್ಲಿ ಸುಮಾರು 40 ಜನಕ್ಕೆ ಇದೆ ಎಂದು ಅಂದಾಜು. ಒಟ್ಟು 76, ಅಂದ್ರೆ ಶೇ. 63. ಇಪ್ಪತ್ತೇ ಜನರ ಮೇಲೆ ನಿಂತ ಅಂದಾಜು, ಆಚೀಚೆ ಆಗಬಹುದು. ಆದ್ರೂ ಆ 90ಕ್ಕಿಂತ ನಂಬಬಹುದು. ಖರ್ಚು? ನಾಲ್ಕು ಜನ ವಾಲಂಟಿಯರ್‌ಗಳ ಒಂದೆರಡು ಸಂಜೆ. ಒಂದೇ ಷರತ್ತು: ಆ 20 ಜನ ಸಿಗೋವರೆಗೂ ಬಿಡಬಾರದು. ಒಬ್ಬರು ಫೋನ್ ಎತ್ತಲಿಲ್ಲ ಅಂತ ಅವರ ಬದಲು ಇನ್ನೊಬ್ಬರಿಗೆ ಹಚ್ಚಿದ್ರೆ ಹಳೇ ತಪ್ಪು ಮತ್ತೆ ಒಳಗೆ ಬಂತು.

ಫೋನ್ ಮಾಡೋಕೆ ಸರಿಯಾದ ಪಟ್ಟಿ ಬೇಕಲ್ಲ! ಅಮೆರಿಕದ ಪದವೀಧರರ ರಾಷ್ಟ್ರೀಯ ಸರ್ವೆ 1970ರ ದಶಕದಿಂದ ನಡೀತಾ ಇದೆ. ಅದು ಜನಗಣತಿಯ ಉದ್ದ ಫಾರ್ಮಿನಿಂದ ಹೆಸರು ಆರಿಸಿಕೊಳ್ತಿತ್ತು. 2010ರ ಜನಗಣತಿಯಲ್ಲಿ ಆ ಫಾರ್ಮೇ ಇರಲಿಲ್ಲ. ಆಗ ಸರ್ವೆಯವರು ಪ್ರತಿವರ್ಷ ನಡೆಯೋ ಅಮೆರಿಕನ್ ಕಮ್ಯುನಿಟಿ ಸರ್ವೆಯನ್ನು ಆಧಾರ ಮಾಡಿಕೊಂಡ್ರು. ಪಟ್ಟಿ ಗಟ್ಟಿ ಇಲ್ಲದೆ ಸರ್ವೆ ಇಲ್ಲ. ನಮ್ಮಲ್ಲೂ ಪಾಸಾದ ಮೇಲೆ ನಂಬರ್ ಬದಲಾಗುತ್ತೆ, ಕಾಲೇಜಿನ ಮೇಲ್ ಐಡಿ ಯಾರೂ ನೋಡಲ್ಲ. ಹಾಗಾಗಿ ಕ್ಯಾಂಪಸ್ ಬಿಡೋ ಮೊದಲೇ ಸ್ವಂತ ಮೇಲ್ ಮತ್ತು ಮನೆಯವರ ನಂಬರನ್ನು ಒಪ್ಪಿಗೆ ಕೇಳಿ ಬರೆದಿಟ್ಟುಕೊಳ್ಳಬೇಕು.

ಕೊನೇ ಮಾತು: ಫಾರ್ಮ್ ಚೆಂದ ಮಾಡೋ ಉತ್ಸಾಹದಲ್ಲಿ ಹಳೇ ಪ್ರಶ್ನೆಗಳ ಮಾತು ಬದಲಿಸಬೇಡಿ. ‘ಕೆಲಸ ಇದೆಯಾ?’ ಅನ್ನೋದು ‘ನಿಮ್ಮ ಬ್ರಾಂಚಿನ ಕೆಲಸ ಇದೆಯಾ?’ ಅಂತ ಆದ್ರೆ ಹತ್ತು ವರ್ಷದ ಹೋಲಿಕೆ ಅಲ್ಲಿಗೇ ತುಂಡಾಗುತ್ತೆ. ಬದಲಿಸಲೇಬೇಕಾದ್ರೆ ಒಂದು ವರ್ಷ ಚೀಟಿ ಎತ್ತಿ ಅರ್ಧ ಜನಕ್ಕೆ ಹಳೇದು, ಅರ್ಧ ಜನಕ್ಕೆ ಹೊಸದು ಕೇಳಿ ನೋಡಿ. ವ್ಯತ್ಯಾಸ ಎಷ್ಟು ಅಂತ ತಿಳಿಯುತ್ತೆ.

ಆ ಶೇ. 90 ನೋಡಿ ನಾಳೆ ಯಾರೋ ಜೂನಿಯರ್ ಬ್ರಾಂಚ್ ಆರಿಸ್ತಾರೆ, ಅವರ ಅಪ್ಪ ಸಾಲ ಮಾಡ್ತಾರೆ. ಹಾಗಾಗಿ ಮುಂದಿನ ಸಲ ಲಿಂಕ್ ಬಂದಾಗ, ಕೆಲಸ ಸಿಗದಿದ್ರೂ ತುಂಬಿ. ಸಿಗದಿದ್ರಂತೂ ತಪ್ಪದೇ ತುಂಬಿ.