ಗ್ರಾಹಕರ ಅಭಿಪ್ರಾಯ: ಪ್ರಾಮಾಣಿಕತೆಯೇ ಬಂಡವಾಳ

ಅಂಗಡಿಯಲ್ಲಿ ನವಲಗುಂದದ ಜಮಖಾನ ಕೊಳ್ಳುವವರು ಅದನ್ನು ಮುಟ್ಟಿ, ನೇಯ್ಗೆ ನೋಡಿ ಬೆಲೆ ಕಟ್ಟುತ್ತಾರೆ. ಅಂತರಜಾಲದಲ್ಲಿ ಕೊಳ್ಳುವವರಿಗೆ ಆ ಅವಕಾಶವಿಲ್ಲ. ಹಿಂದೆ ಕೊಂಡವರು ಬರೆದ ಅಭಿಪ್ರಾಯವೇ ಅವರಿಗೆ ಆಧಾರ. ಆದ್ದರಿಂದಲೇ ಮಾರಾಟಗಾರರು ಗ್ರಾಹಕರಂತೆ ನಟಿಸಿ ತಮ್ಮ ಸರಕಿನ ಬಗ್ಗೆ ಅಭಿಪ್ರಾಯ ಬರೆಯುವುದನ್ನು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ನಿಷೇಧಿಸಿವೆ. ಪ್ರಚಾರ ಮಾಡುವವರಿಗೂ ವರ್ತಕರಿಗೂ ಹಣ ಮೊದಲಾದ ಸಂಬಂಧವಿದ್ದರೆ ಅದನ್ನು ಬಹಿರಂಗಪಡಿಸಬೇಕೆಂದು 2022ರ ಜಾಹೀರಾತು ಮಾರ್ಗಸೂಚಿಗಳು ವಿಧಿಸುತ್ತವೆ. ಅದೇ ವರ್ಷ ಭಾರತೀಯ ಮಾನಕ ಬ್ಯೂರೋ ಇಂಥ ಅಭಿಪ್ರಾಯಗಳಿಗಾಗಿಯೇ ಐಎಸ್ 19000 ಮಾನಕವನ್ನು ಹೊರತಂದಿತು.

ಯಂತ್ರದ ಸರಕನ್ನು ಕೈಮಗ್ಗದ್ದೆಂದು ಹೊಗಳಿದ ಮಾತು ನಂಬಿ ಮೋಸಹೋದ ಗ್ರಾಹಕರು ಭೌಗೋಳಿಕ ಸೂಚಕ ಪಡೆದ ನವಲಗುಂದದ ಹೆಸರನ್ನೇ ಸಂಶಯಿಸುತ್ತಾರೆ. ಆ ನಷ್ಟ ಮಗ್ಗದ ಮುಂದೆ ಕುಳಿತ ಮಹಿಳೆಯರದು. ಬಂದ ದೂರನ್ನು ಅಳಿಸದೆ ಉತ್ತರಿಸುವ ವರ್ತಕರೇ ವಿಶ್ವಾಸ ಗಳಿಸುತ್ತಾರೆ.